ಒಲೆ ಮೇಲಿನ ಅಟ್ಟದಲ್ಲಿಟ್ಟರೆ ಗಿಟಾರ್ 'ವಿಂಟೇಜ್' ಆಗದು

'ಹೊಸ ಗಿಟಾರನ್ನು ಮಳೆಗಾಲ ಪೂರ್ತಿ ಒಲೆ ಮೇಲಿನ ಅಟ್ಟದಲ್ಲಿಡಿ, ಮರ ಒಣಗಿ ಎಂಬತ್ತು ವರ್ಷ ಹಳೆಯದರ ನಾದ ಬರುತ್ತದೆ' ಎಂಬ ಸಂದೇಶ ಕೊಡಗಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಮರವನ್ನು ಬಿಸಿಯಲ್ಲಿ ಹದ ಮಾಡುವ ವಿಧಾನ ಇರುವುದು ನಿಜ. ಆದರೆ ಅದು ಗಿಟಾರ್ ಕಟ್ಟುವ ಮೊದಲು, ಬಿಡಿ ಹಲಗೆಗೆ, ಆಮ್ಲಜನಕ ತೀರಾ ಕಡಿಮೆಯಿರುವ ಗೂಡಿನಲ್ಲಿ ಆಗುವ ಕೆಲಸ. ಕಟ್ಟಿ ಮುಗಿದ ಗಿಟಾರಿಗೆ ಶಾಖ ಬಿದ್ದರೆ ಮೊದಲು ಸೋಲುವುದು ಅಂಟು. ತಂತಿಗಳ ಎಳೆತಕ್ಕೆ ಬ್ರಿಡ್ಜ್ (ಮೇಲ್ಹಲಗೆಗೆ ಅಂಟಿಸಿದ, ತಂತಿ ಸಿಕ್ಕಿಸುವ ಮರದ ತುಂಡು) ಹಿಂಬದಿಯಿಂದ ಏಳುತ್ತದೆ. ಅದರಡಿ ಕಾಗದದ ಚೂರು ನುಸುಳಿತೆಂದರೆ ಅಂಟು ಬಿಟ್ಟಿದೆ. ಬೇಗ ಒಣಗಿದ ಮೇಲ್ಹಲಗೆ ಎಳೆಗುಂಟ ಸೀಳುತ್ತದೆ, ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳಾದ ಫ್ರೆಟ್‌ಗಳ ತುದಿಗಳು ಹೊರಚಾಚಿ ಕೈಗೆ ಚುಚ್ಚುತ್ತವೆ.

ಅಮೆರಿಕದ ಮಾರ್ಟಿನ್ ಕಂಪನಿಯ ಹಳೆಯ ಗಿಟಾರುಗಳ ನಾದಕ್ಕೆ ವಯಸ್ಸೊಂದೇ ಕಾರಣವಲ್ಲ. ಒಳಗಿನ ಆಧಾರಪಟ್ಟಿಗಳನ್ನು ಕೆತ್ತಿ ಹಗುರ ಮಾಡುವ ಕ್ರಮವನ್ನು ಕಂಪನಿ 1944ರಲ್ಲಿ ಕೈಬಿಟ್ಟಿತು. ಅದಕ್ಕೇ ಹಿಂದಿನವಕ್ಕೆ ಅಷ್ಟು ಬೇಡಿಕೆ. ಇಂದಿನ ವಿಂಟೇಜ್ ಶೈಲಿಯ ಹಲವು ಮಾದರಿಗಳಲ್ಲಿ ಅದು ಮರಳಿದೆ. ಹಳೆಯ ನಾದಕ್ಕೆ ಬ್ರೆಜಿಲ್‌ನ ರೋಸ್‌ವುಡ್ ಮರವೇ ಬೇಕೆನ್ನುವುದೂ ಅತಿಯಾಯಿತು: 1969ರಲ್ಲಿ ಮಾರ್ಟಿನ್ ಹಿಂಬದಿ, ಪಕ್ಕಗಳಿಗೆ ಭಾರತದ ರೋಸ್‌ವುಡ್‌ಗೆ ಬದಲಾಯಿತು. ಅದು ಬೇರೇನಲ್ಲ, ನಮ್ಮ ಕಾಫಿ ತೋಟದ ಬೀಟೆ.

ಮಳೆಗಾಲಕ್ಕೆ ಬೇಕಾದದ್ದು ಗಟ್ಟಿ ಪೆಟ್ಟಿಗೆ, ಒಳಗೊಂದು ತೇವಮಾಪಕ, ಸಿಲಿಕಾ ಜೆಲ್. ತೇವಾಂಶ 45–55% ಇರಲಿ; ಜೆಲ್ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ. 12ನೇ ಫ್ರೆಟ್‌ನಿಂದ 2.5 ಮಿ.ಮೀ. ಎತ್ತರದಲ್ಲಿದ್ದ ಅತಿ ದಪ್ಪದ ತಂತಿ 3 ಮಿ.ಮೀ. ದಾಟಿದರೆ ಮೇಲ್ಹಲಗೆ ತೇವ ಕುಡಿದು ಉಬ್ಬಿರುವ ಸಾಧ್ಯತೆ ಹೆಚ್ಚು. ಆಗ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿಗಳನ್ನು ಹೊರುವ ಪಟ್ಟಿ) ಉಜ್ಜಿ ತಗ್ಗಿಸಬೇಡಿ. ತಗ್ಗಿಸಿದರೆ, ಬೇಸಿಗೆಗೆ ಹಲಗೆ ತಾನೇ ಇಳಿದಾಗ ತಂತಿ ಫ್ರೆಟ್‌ಗೆ ಬಡಿಯುತ್ತದೆ.