‘ಸ್ವಲ್ಪ’ ಷುಗರ್

ನಿನ್ನೆ ದೊಡ್ಡಪ್ಪನವರನ್ನು ಡ್ರೆಸ್ಸಿಂಗ್‌ಗೆ ಕರೆದುಕೊಂಡು ಹೋಗಿದ್ದೆ. ಯುಗಾದಿಯ ಹೊತ್ತಿಗೆ ಚಪ್ಪಲಿ ಕಚ್ಚಿ ಆದ ಗಾಯ ಇನ್ನೂ ಮಾಯ್ದಿಲ್ಲ. ನರ್ಸಮ್ಮ ಬಟ್ಟೆ ಬಿಡಿಸಿದಾಗ ಅಂಚೆಲ್ಲ ನೆನೆದ ಕಾಗದದಂತೆ ಬೆಳ್ಳಗಾಗಿತ್ತು. ಹೊಸ ಮಾಂಸದ ಕೆಂಪು ಎಳ್ಳಷ್ಟೂ ಇರಲಿಲ್ಲ. ದೊಡ್ಡಪ್ಪ ಜೇಬಿನಿಂದ ಮೂರನೆಯ ಮುಲಾಮಿನ ಟ್ಯೂಬು ತೆಗೆದು, “ಇದೂ ದಂಡ ಕಣೋ, ಬೇರೆ ಬರೆಸು” ಎಂದರು. ಷುಗರ್ ಇದೆಯೇ ಎಂದು ಆಕೆ ಕೇಳಿದ್ದಕ್ಕೆ, “ಸ್ವಲ್ಪ ಇದೆಯಮ್ಮ, ಅದಕ್ಕೂ ಕಾಲಿಗೂ ಏನು ಸಂಬಂಧ?” ಎಂದು ಮರುಪ್ರಶ್ನೆ ಹಾಕಿದರು.

ಈ ‘ಸ್ವಲ್ಪ’ ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳುವ ಈ ಬಾಯಿ ಇಂಥಲ್ಲಿ ಸುಮ್ಮನಿರುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಗಾಯ ಮಾಯಲು ಹೊಸ ರಕ್ತನಾಳ ಬೇಕು, ಅದಕ್ಕೆ ನೆರವಾಗುವ ಕೋಶಗಳಲ್ಲಿ ಒಂದು ಪಾಲು ಮೂಳೆಮಜ್ಜೆಯಿಂದ ಹೊರಟು ಬರಬೇಕು. ರಕ್ತದಲ್ಲಿ ತಿರುಗುವ ಇಂಥ ಕೋಶಗಳನ್ನು 1997ರಲ್ಲಿ ಅಸಹಾರಾ ಮತ್ತು ಇಸ್ನರ್ ಅವರ ತಂಡ ವರ್ಣಿಸಿತು. ಮಜ್ಜೆಯೊಳಗೆ ಸಿಎಕ್ಸ್‌ಸಿಎಲ್12 ಎಂಬ ಪ್ರೋಟೀನು ಆಕರಕೋಶಗಳನ್ನು (ಸ್ಟೆಮ್ ಸೆಲ್) ಗೂಟಕ್ಕೆ ಕಟ್ಟಿದಂತೆ ಹಿಡಿದಿಟ್ಟಿರುತ್ತದೆ. ಕರೆ ಬಂದಾಗ ಅದರ ಮಟ್ಟ ಇಳಿದರೆ ಮಾತ್ರ ಅವು ಹೊರಡುತ್ತವೆ. ಬಹುಕಾಲ ಸಕ್ಕರೆ ಏರಿದ ಮೈಯಲ್ಲಿ ಆ ಮಟ್ಟ ಬೇಕಾದಷ್ಟು ಇಳಿಯುವುದಿಲ್ಲ, ಬಿಡುಗಡೆಯ ಸೂಚನೆ ಒಯ್ಯುವ ಮಜ್ಜೆಯ ನರತುದಿಗಳೂ ಸೊರಗಿರುತ್ತವೆ. ಇಟಲಿಯ ಪಡುವಾದಲ್ಲಿ ಫಾದಿನಿ ಮತ್ತು ಸಂಗಡಿಗರು ಈ ಕೋಶಗಳನ್ನು ಹೊರಡಿಸಲೆಂದೇ ಇರುವ ಜಿ-ಸಿಎಸ್‌ಎಫ್ ಚುಚ್ಚುಮದ್ದನ್ನು ಕೊಟ್ಟು ನೋಡಿದಾಗ, ಮಧುಮೇಹವಿಲ್ಲದವರಲ್ಲಿ ಅವು ರಕ್ತಕ್ಕೆ ಇಳಿದವು, ಇದ್ದವರಲ್ಲಿ ಸರಿಯಾಗಿ ಇಳಿಯಲಿಲ್ಲ ಎಂದು 2013ರಲ್ಲಿ ವರದಿಯಾಯಿತು. ಅದೇ ವರ್ಷದ ಇನ್ನೊಂದು ಅಧ್ಯಯನದಲ್ಲಿ, ಸಕ್ಕರೆ ಏರಿದ ಇಲಿಗಳ ಮಜ್ಜೆಯು ಉರಿಯೂತ ಹೆಚ್ಚಿಸುವ ಬಿಳಿ ರಕ್ತಕಣಗಳನ್ನು ಮಾತ್ರ ಧಾರಾಳವಾಗಿ ತಯಾರಿಸಿ ಕಳಿಸುತ್ತಿತ್ತು. ಗಾರೆಯವನು ಒಳಗೆ ಬಂದಿ, ಜಗಳಗಂಟ ಬೀದಿಯಲ್ಲಿ! ನಾವೋ ಮುಲಾಮನ್ನು ಬೈಯುತ್ತ ಕುಳಿತಿದ್ದೇವೆ.

“ನರ ಸತ್ತಿರುತ್ತದೆ, ರಕ್ತನಾಳ ಕಟ್ಟಿರುತ್ತದೆ, ಸೋಂಕು ತಗುಲಿರುತ್ತದೆ, ಎಲ್ಲವನ್ನೂ ಮಜ್ಜೆಯ ತಲೆಗೆ ಕಟ್ಟಬೇಡಿ ಮೇಷ್ಟ್ರೇ” ಎಂದು ವೈದ್ಯ ಮಿತ್ರರು ಕಾಮೆಂಟಿಗೆ ಬರುತ್ತಾರೆ. ಒಪ್ಪಿದೆ. ಆದರೆ ಆ ಮೂರಕ್ಕೂ ಬಾಗಿಲು ತೆಗೆದಿದ್ದು ಇದೇ ‘ಸ್ವಲ್ಪ’ ತಾನೆ? ವಾದಕ್ಕೆ ನಾನು ತಯಾರಿಲ್ಲ.

ದೊಡ್ಡಪ್ಪನಿಗೆ ಇಷ್ಟೆಲ್ಲ ಹೇಳಿದೆ. ಅವರು ತಲೆಯಾಡಿಸಿ, ಮೆಡಿಕಲ್ ಶಾಪಿನ ಮುಂದೆ ಸ್ಕೂಟರು ನಿಲ್ಲಿಸೆಂದರು. ನಾಲ್ಕನೆಯ ಟ್ಯೂಬು ಕೊಂಡದ್ದಾಯಿತು. ಅದನ್ನು ಇಡಲು ಡಿಕ್ಕಿ ತೆರೆದಾಗ ಸಂಕ್ರಾಂತಿಯಿಂದ ಅಲ್ಲೇ ಮಡಚಿಟ್ಟಿದ್ದ ನನ್ನ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ರಕ್ತಪರೀಕ್ಷೆ) ರಿಪೋರ್ಟು ಕೈಗೆ ಸಿಕ್ಕಿತು: 7.9. ಮನೆಯಲ್ಲಿ ಕೇಳಿದ್ದಾಗ “ಸ್ವಲ್ಪ ಇದೆ” ಎಂದಿದ್ದೆ. ನನ್ನ ಬರಹಗಳನ್ನು ಹೆಂಡತಿ ತಪ್ಪದೆ ಓದುತ್ತಾಳೆ.