ಬಾಗಿಲು ತೆಗೆಯುವ ಕೈ

ಈ ಸಲ ರಜೆಗೆ ಶಿವಮೊಗ್ಗಕ್ಕೆ ಹೋದಾಗ ಒಂದು ಸಂಜೆ ಭಾವನ ಕಾರಿನಲ್ಲಿ ಬಿ.ಎಚ್. ರಸ್ತೆ ಕಡೆ ಹೋಗಿದ್ದೆವು. ಅವರು ಗಾಡಿ ಪಕ್ಕಕ್ಕೆ ಹಾಕಿದರು. ಮುಂದೆ ಕೂತಿದ್ದ ನಾನು ಬಲಗೈಯನ್ನು ಎದೆಯ ಮೇಲಿಂದ ಆಚೆ ಚಾಚಿ, ಮೈ ಎಡಕ್ಕೆ ತಿರುಗಿಸಿ, ಹಿಂದೆ ನೋಡಿ, ಬಾಗಿಲನ್ನು ನಾಲ್ಕು ಬೆರಳಷ್ಟು ಮಾತ್ರ ತೆಗೆದು ತಡೆದೆ. "ಯಾಕೋ, ಎಡಗೈಗೆ ಏನಾಯ್ತು?" ಅಂದರು ಭಾವ. ಹಿಂದಿನ ಸೀಟಿನಲ್ಲಿ ಅಕ್ಕ ನಕ್ಕಳು. ಅವಳ ಮಗ "ಫಾರಿನ್ ಸ್ಟೈಲು" ಅಂದ.

ಆ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ಚುಚ್ಚಿತು. ಹೋದ ವರ್ಷ ಅದೇ ರಸ್ತೆಯಲ್ಲಿ ಒಂದು ಕಾರಿನ ಬಾಗಿಲು ನನ್ನ ತಮ್ಮನ ಕಾಲರ್ ಬೋನ್ ಮುರಿದಿತ್ತು. ನಕ್ಕವರೆಲ್ಲ ಆಗ ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕ ಕೂತವರೇ.

ನಾನು ನೆದರ್‌ಲ್ಯಾಂಡ್ಸಿನ ಉಟ್ರೆಕ್ಟ್‌ನಲ್ಲಿ ಎಂಟು ವರ್ಷದಿಂದ ಇದ್ದೇನೆ. ಊರಿನ ಲೈಸೆನ್ಸ್ ಅಲ್ಲಿ ನಡೆಯಲಿಲ್ಲ, ಮೊದಲಿಂದ ಕಲಿಯಬೇಕಾಯಿತು. ಊರಿನಲ್ಲಿ ಬೈಕಿಗೆ ಎಂಟು ಹಾಕಿ, ಕಾರಿಗೆ ರಿವರ್ಸ್ ತೋರಿಸಿ ಪಾಸಾದವನು ನಾನು. ಹದಿನೈದು ವರ್ಷ ಓಡಿಸಿದ್ದೇನೆ, ಇವರೇನು ಹೊಸದು ಕಲಿಸುತ್ತಾರೆ ಅನ್ನುವ ಧೈರ್ಯವಿತ್ತು. ಮೊದಲ ದಿನದ ಪಾಠ ಮುಗಿಸಿ ಗಾಡಿ ನಿಲ್ಲಿಸಿ, ಹತ್ತಿರದ ಕೈಯಿಂದ ಬಾಗಿಲು ತೆಗೆದೆ. ಕಲಿಸುತ್ತಿದ್ದವರು ನನ್ನ ತೋಳು ಹಿಡಿದರು. "ಮುಚ್ಚಿ. ಇನ್ನೊಂದು ಕೈಯಿಂದ ತೆಗೆಯಿರಿ."

ಅಲ್ಲಿ ಚಾಲಕ ಎಡಕ್ಕೆ ಕೂರುತ್ತಾನೆ, ಬಾಗಿಲು ಎಡಕ್ಕಿದೆ. ಬಲಗೈಯಿಂದ ಅದನ್ನು ಮುಟ್ಟಲು ಹೋದರೆ ಭುಜ ತಾನಾಗಿಯೇ ತಿರುಗುತ್ತದೆ, ಭುಜದ ಜೊತೆ ಕುತ್ತಿಗೆ ತಿರುಗುತ್ತದೆ, ಹಿಂದಿನಿಂದ ಬರುವ ಸೈಕಲ್ ಕಣ್ಣಿಗೆ ಬೀಳುತ್ತದೆ. ಕೈ ಅಷ್ಟು ದೂರ ಚಾಚಿದಾಗ ಬಾಗಿಲನ್ನು ಒಂದೇ ಏಟಿಗೆ ಪೂರ್ತಿ ತಳ್ಳುವುದಕ್ಕೂ ಆಗುವುದಿಲ್ಲ. ಕನ್ನಡಿ ನೋಡಿದೆ ಅಂತ ನಾನು ವಾದ ಮಾಡಿದೆ. ಕನ್ನಡಿಗೆ ಕಾಣದ ಜಾಗವೊಂದು ಇದೆ, ಸೈಕಲ್ ಇರುವುದು ಅಲ್ಲೇ ಅಂದರು. ಆವತ್ತು ಇಂಜಿನ್ ಆಫ್ ಮಾಡಿದ ಕಾರಿನಲ್ಲಿ ಕೂತು ಹತ್ತು ಸಲ ಬಾಗಿಲು ತೆಗೆದು ಮುಚ್ಚಿದ್ದೇನೆ. ಬ್ರಿಟನ್ನಿನವರು 2022ರಲ್ಲಿ ಈ ಪದ್ಧತಿಯನ್ನು ತಮ್ಮ ರಸ್ತೆ ನಿಯಮಗಳ ಪುಸ್ತಕವಾದ ಹೈವೇ ಕೋಡಿಗೇ ಸೇರಿಸಿಕೊಂಡರು. ಅದಕ್ಕೆ ಪೈಸೆ ಖರ್ಚಿಲ್ಲ, ಹೊಸ ರಸ್ತೆ ಬೇಡ, ಕ್ಯಾಮೆರಾ ಬೇಡ. ಇನ್ನೊಂದು ಕೈ ಅಷ್ಟೇ.

ತಮ್ಮನಿಗೆ ಆದದ್ದು ಹೀಗೆ. ಎಡಕ್ಕೆ ಸಾಲಾಗಿ ಕಾರುಗಳು ನಿಂತಿದ್ದವು. ಅವನು ಹೆಚ್ಚೆಂದರೆ ಮೂವತ್ತರಲ್ಲಿ ಹೋಗುತ್ತಿದ್ದ. ಆ ವೇಗದಲ್ಲಿ ಬೈಕು ಒಂದು ಸೆಕೆಂಡಿಗೆ ಎಂಟು ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ, ಮನುಷ್ಯ ಬ್ರೇಕ್ ಹಿಡಿಯುವುದಕ್ಕೇ ಅಷ್ಟು ಹೊತ್ತು ಬೇಕು. ನಿಂತಿದ್ದ ಕಾರಿನ ಚಾಲಕನ ಬಾಗಿಲು ತೆರೆಯಿತು. ಹ್ಯಾಂಡಲ್ಲಿನ ಎಡತುದಿ ಬಾಗಿಲಿನ ಅಂಚಿಗೆ ತಗುಲಿತು. ಹ್ಯಾಂಡಲ್ ಎಡಕ್ಕೆ ತಿರುಚಿತು, ಮೈ ಬಲಕ್ಕೆ ಹಾರಿತು. ಬಲಕ್ಕೆ ಅಂದರೆ ರಸ್ತೆಯ ನಡುವಿಗೆ. ಬಾಗಿಲ ಏಟಿಗೆ ಸವಾರ ಸಾಮಾನ್ಯವಾಗಿ ಬೀಳುವುದು ಆ ಕಡೆಗೇ, ಹಿಂದಿನ ಗಾಡಿಯ ಚಕ್ರದ ಮುಂದಕ್ಕೆ. ಹಿಂದೆ ಬರುತ್ತಿದ್ದ ಬಸ್ಸಿನವರು ಬ್ರೇಕ್ ಹಾಕಿದ್ದರಿಂದ ಅವನು ಇವತ್ತು ಇದ್ದಾನೆ. ಅವನ ಹೆಲ್ಮೆಟ್ಟಿನ ಬಲಗಡೆ ಡಾಂಬರು ಕೆರೆದ ಗೀರು ಈಗಲೂ ಇದೆ, ಅಮ್ಮ ಅದನ್ನು ಬಿಸಾಡಲು ಬಿಟ್ಟಿಲ್ಲ.

ಜನ ಸೇರಿದರು. ದೊಡ್ಡ ಗಾಡಿಯವನದೇ ತಪ್ಪು ಅಂತ ಕಾರಿನವನಿಗೆ ಬೈದರು, ಆಸ್ಪತ್ರೆ ಖರ್ಚು ಕೊಡಿಸಿದರು. ಕಾರಿನವನು ಕೆಟ್ಟವನೇನಲ್ಲ, ಎರಡು ಸಲ ಬಂದು ನೋಡಿಕೊಂಡು ಹೋದ. ಆದರೆ ಹಿಂದೆ ನೋಡದೆ ಬಾಗಿಲು ಹೇಗೆ ತೆಗೆದೆಯಪ್ಪಾ ಅಂತ ಒಬ್ಬರೂ ಕೇಳಲಿಲ್ಲ. ಮನೆಗೆ ನೋಡಲು ಬಂದವರೆಲ್ಲ ತಮ್ಮನನ್ನೇ ಕೇಳಿದರು: "ಸ್ವಲ್ಪ ನೋಡ್ಕೊಂಡು ಹೋಗ್ಬಾರ್ದಾ?"

ನನ್ನ ತಕರಾರು ಇರುವುದು ಇಲ್ಲಿಯೇ. ನಮ್ಮಲ್ಲಿ ಬೈಕ್ ಹೊರಟರೆ ಅಮ್ಮ ಗೇಟಿನವರೆಗೂ ಬಂದು "ಹುಷಾರು, ನಿಧಾನಕ್ಕೆ ಹೋಗು" ಅನ್ನುತ್ತಾಳೆ. ಕಾರು ಹೊರಟರೆ "ತಲುಪಿದ ಮೇಲೆ ಫೋನ್ ಮಾಡಿ" ಅನ್ನುತ್ತಾಳೆ. ಹುಷಾರು ಅನ್ನುವ ಮಾತು ಏಟು ತಿನ್ನುವವನಿಗೆ ಮೀಸಲು. ಏಟು ಕೊಡಬಲ್ಲವನಿಗೆ ಅದನ್ನು ಯಾರೂ ಹೇಳುವುದಿಲ್ಲ. ಹಾರ್ನ್ ಹೊಡೆದರೆ ಕಾರಿನವನ ಜವಾಬ್ದಾರಿ ಮುಗಿಯಿತು, ಇನ್ನು ಸರಿಯಬೇಕಾದದ್ದು ಸೈಕಲ್ಲಿನವನು. ಸರಿಯಲು ಅವನಿಗೆ ಸಿಗುವುದು ರಸ್ತೆಯ ಅಂಚಿನ ಮಣ್ಣು, ಮೋರಿಯ ಮುರಿದ ಚಪ್ಪಡಿ, ಇಲ್ಲವೇ ನಿಂತ ಕಾರುಗಳ ಬಾಗಿಲು. ಹೆಲ್ಮೆಟ್ಟಿಗೆ ಸರ್ಕಲ್ಲಿನಲ್ಲಿ ಹಿಡಿಯುತ್ತಾರೆ, ಹಿಡಿಯಲೇಬೇಕು. ತಮ್ಮನ ತಲೆ ಉಳಿದದ್ದು ಅದರಿಂದ. 2016ರಿಂದ ನಮ್ಮ ರಾಜ್ಯದಲ್ಲಿ ಬೈಕಿನ ಹಿಂದೆ ಕೂತವರಿಗೂ ಕಡ್ಡಾಯ ಮಾಡಿದರು, ಅದೂ ಸರಿಯೇ. ಆದರೆ ಬಾಗಿಲು ತೆರೆದು ಕೆಡವಿದ್ದಕ್ಕೆ ದಂಡ ಕಟ್ಟಿದವರನ್ನು ನಾನಂತೂ ನೋಡಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1.68 ಲಕ್ಷ ಜನ. ಅದರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರದವರು. ಅಷ್ಟೂ ಜನರಿಗೆ ಯಾರೋ ಒಬ್ಬರು ಹುಷಾರು ಅಂತ ಹೇಳಿಯೇ ಕಳಿಸಿರುತ್ತಾರೆ.

ಉಟ್ರೆಕ್ಟ್‌ನಲ್ಲಿ ಕೆಲವು ಬೀದಿಗಳಿಗೆ ಕೆಂಪು ಡಾಂಬರು ಹಾಕಿ ಒಂದು ಫಲಕ ನಿಲ್ಲಿಸಿದ್ದಾರೆ. ದೊಡ್ಡದಾಗಿ ಸೈಕಲ್, ಅದರ ಹಿಂದೆ ಕಾರು, ಕೆಳಗೆ ಅವರ ಭಾಷೆಯಲ್ಲಿ "ಕಾರು ಇಲ್ಲಿ ಅತಿಥಿ" ಎಂಬ ಸಾಲು. ಹೊಸದಾಗಿ ಹೋದಾಗ ಅಂಥ ಒಂದು ಬೀದಿಯಲ್ಲಿ ನಾನು ಸೈಕಲ್ ತುಳಿಯುತ್ತಿದ್ದೆ. ಹಿಂದೆ ಕಾರಿನ ಸದ್ದು ಕೇಳಿಸಿತು. ಊರಿನ ಅಭ್ಯಾಸ, ತಕ್ಷಣ ಪಕ್ಕಕ್ಕೆ ಇಳಿದು ನಿಂತೆ. ಕಾರೂ ನಿಂತಿತು. ಒಳಗಿದ್ದ ಹೆಂಗಸು, ಏನಾದರೂ ತೊಂದರೆಯಾಯಿತೇ ಎಂದು ಕಿಟಕಿ ಇಳಿಸಿ ಕೇಳಿದರು. ನಾನು ದಾರಿ ಬಿಟ್ಟದ್ದು ಅಂತ ಅವರಿಗೆ ಹೊಳೆಯಲೇ ಇಲ್ಲ. ಬೀದಿ ಮುಗಿಯುವವರೆಗೂ ನನ್ನ ಹಿಂದೆಯೇ ಬಂದರು, ಒಂದು ಸಲವೂ ಹಾರ್ನ್ ಇಲ್ಲ. ಆವತ್ತು ಸೈಕಲ್ ತುಳಿಯುತ್ತಲೇ ನನಗೆ ಕಣ್ಣಲ್ಲಿ ನೀರು ಬಂತು.

ಇದು ಬರೀ ಸೌಜನ್ಯವಲ್ಲ, ಹಿಂದೆ ಕಾನೂನೂ ಇದೆ. ಅವರ ರಸ್ತೆ ಸಂಚಾರ ಕಾಯ್ದೆಯ 185ನೇ ಕಲಂ ಪ್ರಕಾರ ಮೋಟಾರು ಗಾಡಿ ಸೈಕಲ್ಲಿಗೋ ನಡೆಯುವವರಿಗೋ ತಾಗಿದರೆ ಪರಿಹಾರದ ಹೊಣೆ ಗಾಡಿಯದ್ದೇ. ಗಾಯಗೊಂಡ ಮಗುವಿಗೆ 14 ತುಂಬಿಲ್ಲದಿದ್ದರೆ ಹೆಚ್ಚುಕಡಿಮೆ ಯಾವ ಸಬೂಬೂ ನಡೆಯುವುದಿಲ್ಲ, ಪೂರ್ತಿ ಕೊಡಬೇಕು. ದೊಡ್ಡವರಾದರೆ, ಸೈಕಲ್ಲಿನವರದೂ ತಪ್ಪಿದ್ದರೂ ಸಾಮಾನ್ಯವಾಗಿ ಅರ್ಧವಾದರೂ ಕೊಡಲೇಬೇಕು. ನಮ್ಮೂರಿನ ಗುಂಪು ಕೂಗಾಡಿ ಕೊಡಿಸುವ ನ್ಯಾಯವನ್ನೇ ಅವರು ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ವ್ಯತ್ಯಾಸ ಏನೆಂದರೆ, ನಮ್ಮದು ಬಿದ್ದ ಮೇಲೆ ನೆನಪಾಗುತ್ತದೆ. ಅವರಿಗೆ ಸ್ಟಿಯರಿಂಗ್ ಹಿಡಿಯುವಾಗಲೇ ನೆನಪಿರುತ್ತದೆ.

ಅವರೂ ಹುಟ್ಟಾ ಹೀಗಿರಲಿಲ್ಲ ಅಂತ ಒಪ್ಪಬೇಕು. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. "ಮಕ್ಕಳ ಕೊಲೆ ನಿಲ್ಲಿಸಿ" ಎಂದು ತಂದೆತಾಯಂದಿರು ಬೀದಿಗೆ ಬಂದ ಮೇಲೆಯೇ ರಸ್ತೆಗಳು ಬದಲಾಗತೊಡಗಿದ್ದು. ಇವತ್ತು ಅಲ್ಲಿನ ಶಾಲೆಯ ಅಂಗಳಕ್ಕೆ ಲಾರಿ ತಂದು ನಿಲ್ಲಿಸಿ, ಚಾಲಕನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿ, ಕನ್ನಡಿಯಲ್ಲಿ ಏನು ಕಾಣುವುದಿಲ್ಲ ಅಂತ ತೋರಿಸುತ್ತಾರೆ.

ಹಾಗಂತ ಅಲ್ಲಿ ಸೈಕಲ್ಲಿನವರು ಸಾಯುವುದಿಲ್ಲವೇ? ಸಾಯುತ್ತಾರೆ. 2022ರಲ್ಲಿ 291 ಜನ ಸತ್ತರು, ಕಾರಿನೊಳಗೆ ಸತ್ತವರಿಗಿಂತ ಹೆಚ್ಚು. ಹೆಚ್ಚಿನವರು ವಯಸ್ಸಾದವರು. ಸೈಕಲ್ಲಿಗೆ ಹೆಲ್ಮೆಟ್ ಹಾಕುವವರು ಅಲ್ಲಿ ತೀರಾ ಕಡಿಮೆ, ಅದನ್ನು ನನ್ನ ಮನಸ್ಸು ಇವತ್ತಿಗೂ ಒಪ್ಪಿಲ್ಲ. ಇನ್ನೊಂದು ವಿಷಯ. 185ನೇ ಕಲಂ ಮೋಟಾರ್ ಸೈಕಲ್ಲಿನವರನ್ನು ಕಾಯುವುದಿಲ್ಲ, ಅದೂ ಮೋಟಾರು ಗಾಡಿಯೇ ಆಯಿತಲ್ಲ. ಅಲ್ಲಿ ಬೈಕು ಭಾನುವಾರದ ಖುಷಿಗೆ ತೆಗೆಯುವ ಗಾಡಿ. ನಮ್ಮಲ್ಲಿ ಅದೇ ಸಂಸಾರದ ಗಾಡಿ: ಟ್ಯಾಂಕಿನ ಮೇಲೆ ಮಗು, ಹಿಂದೆ ಹೆಂಡತಿ, ಅವಳ ತೊಡೆಯ ಮೇಲೆ ಬ್ಯಾಗು. ಅದಕ್ಕೆ ಅವರ ಕೆಂಪು ದಾರಿಯನ್ನು ಹಾಗೇ ತಂದು ಹಾಸಲು ಬರುವುದಿಲ್ಲ. ಕನ್ನಡಿ ಮಡಚಿಕೊಂಡು, ರಾಂಗ್ ಸೈಡಿನಲ್ಲಿ ನುಗ್ಗುವ ನಮ್ಮ ಹುಡುಗರ ತಪ್ಪನ್ನೂ ನಾನು ಮುಚ್ಚಿಡಲಾರೆ.

ಮತ್ತೊಂದನ್ನೂ ಹೇಳಲೇಬೇಕು. ಒಂದು ಚಳಿಗಾಲ ಉಟ್ರೆಕ್ಟ್‌ನಲ್ಲಿ ಹಿಮಗಟ್ಟಿದ ಸೇತುವೆಯ ಮೇಲೆ ನಾನು ಜಾರಿ ಬಿದ್ದೆ. ಇಬ್ಬರು ನಿಂತರು, ಸರಿ ಇದ್ದೀರಾ ಅಂದರು, ಹೂಂ ಅಂದೆ, ಹೊರಟರು. ಮಂಡಿ ಊದಿಕೊಂಡಿತ್ತು, ಸೈಕಲ್ ತಳ್ಳಿಕೊಂಡು ಮನೆಗೆ ಬಂದೆ. ಶಿವಮೊಗ್ಗದಲ್ಲಿ ತಮ್ಮ ಬಿದ್ದಾಗ ಆಟೋದವರೊಬ್ಬರು ಪ್ಯಾಸೆಂಜರನ್ನು ಇಳಿಸಿ ಇವನನ್ನು ಹಾಕಿಕೊಂಡರು. ಗುರುತಿಲ್ಲದ ಹುಡುಗನೊಬ್ಬ ದಾರಿಯುದ್ದಕ್ಕೂ ಇವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಮಾರನೇ ದಿನ ಆಟೋದವರು ಆಸ್ಪತ್ರೆಗೆ ಬಂದು, ರಸ್ತೆಯಲ್ಲಿ ಉಳಿದಿದ್ದ ಒಂಟಿ ಚಪ್ಪಲಿಯನ್ನು ಪೇಪರಿನಲ್ಲಿ ಸುತ್ತಿ ತಂದುಕೊಟ್ಟರು.

ತಮ್ಮ ಈಗ ಮತ್ತೆ ಬೈಕ್ ಓಡಿಸುತ್ತಾನೆ. ನಿಂತ ಕಾರುಗಳ ಸಾಲು ಕಂಡರೆ ಒಂದು ಮಾರು ದೂರ ಬಿಟ್ಟು, ರಸ್ತೆಯ ಒಳಕ್ಕೆ ಸರಿದು ಹೋಗುತ್ತಾನೆ. ನಾನು ಹಿಂದೆ ಕೂತು ನೋಡಿದ್ದೇನೆ. ಹಾಗೆ ಒಳಕ್ಕೆ ಸರಿದ ಪ್ರತಿ ಸಲವೂ ಹಿಂದಿನ ಕಾರಿನವರು ಪಕ್ಕಕ್ಕೆ ಹೋಗು ಅಂತ ಹಾರ್ನ್ ಹೊಡೆಯುತ್ತಾರೆ.