ಅಕ್ರಮ ಮೂಲೆಗೆ ಸಕ್ರಮ ಅಂಚುಪಟ್ಟಿ

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಗೋಡೆಯೂ ಛಾವಣಿಯೂ ಕೂಡುವ ಅಂಚಿಗೆ ಮರದ ಅಲಂಕಾರದ ಅಂಚುಪಟ್ಟಿ, ಅಂದರೆ ಕ್ರೌನ್ ಮೋಲ್ಡಿಂಗ್, ಹೊಡೆಸಬೇಕೆಂದು ಸಂಘದ ಕಾರ್ಯಕಾರಿ ಸಮಿತಿ ಸರ್ವಾನುಮತದಿಂದ ನಿರ್ಣಯಿಸಿದ ದಿನದಿಂದ ಮರಗೆಲಸದ ಆಚಾರ್ಯರು ಆರೋಪಿಯ ಸ್ಥಾನದಲ್ಲಿ ನಿಂತಿದ್ದಾರೆ. ಮೂಲೆಯ ಜೋಡಣೆಯಲ್ಲಿ ಉಗುರು ತೂರುವಷ್ಟು ಸಂದು ಬಿಟ್ಟಿದೆ ಎಂಬುದು ಅವರ ಮೇಲಿನ ದೂರು.

ಮರವನ್ನು ಬೇಕಾದ ಕೋನಕ್ಕೆ ಕೊಯ್ಯುವ ಅವರ ಮೈಟರ್ ಗರಗಸ ಯಂತ್ರದ ಲೆಕ್ಕ ತಪ್ಪಿಲ್ಲ. ಗೋಡೆಯಿಂದ 38 ಡಿಗ್ರಿ ವಾಲಿ ಕೂರುವ ಪಟ್ಟಿಯನ್ನು ಮಲಗಿಸಿ ಕೊಯ್ಯುವುದಾದರೆ ಯಂತ್ರದ ಮೇಜನ್ನು 31.6 ಡಿಗ್ರಿ ತಿರುಗಿಸಿ, ಅಲಗನ್ನು 33.9 ಡಿಗ್ರಿ ಓರೆ ಮಾಡಬೇಕು. ಇಷ್ಟು ತಲೆನೋವು ಬೇಡವೆನ್ನುವವರು ಪಟ್ಟಿಯನ್ನು ತಲೆಕೆಳಗು ಮಾಡಿ, ಯಂತ್ರದ ತಡೆಪಟ್ಟಿಯನ್ನು ಗೋಡೆಯೆಂದೂ ಮೇಜನ್ನು ಛಾವಣಿಯೆಂದೂ ಭಾವಿಸಿ, ಬರೀ 45ಕ್ಕೆ ಕೊಯ್ಯಬಹುದು. (ತಲೆಕೆಳಗಾದ ಮೇಲೆಯೇ ಕೆಲಸ ನೆಟ್ಟಗಾಗುವುದು ಈ ಊರಿಗೆ ಹೊಸದಲ್ಲ.) ಎರಡೂ ಲೆಕ್ಕಗಳು ಮೂಲೆ 90 ಡಿಗ್ರಿ ಇದೆಯೆಂಬ ಮುಗ್ಧ ನಂಬಿಕೆಯ ಮೇಲೆ ನಿಂತಿವೆ. ನಮ್ಮದು 93. ಹಾಗಾಗಿ 93ರ ಅರ್ಧವನ್ನು 90ರಿಂದ ಕಳೆದು, ಗರಗಸವನ್ನು 43.5ಕ್ಕೆ ಇಟ್ಟು ಇನ್ನೊಮ್ಮೆ ಕೊಯ್ಯುತ್ತೇನೆಂದು ಆಚಾರ್ಯರು ಮೂಲೆಮಟ್ಟ ಹಿಡಿದು ತೋರಿಸಿದಾಗ ಕಾರ್ಯದರ್ಶಿಗಳು, “ಗೋಡೆಗೆ ಮಂಜೂರಾದ ನಕ್ಷೆಯಿದೆ ಆಚಾರ್ರೇ, ನಿಮ್ಮ ಗರಗಸಕ್ಕೆ ಏನಿದೆ?” ಎಂದರು. ಅದು ಈಶಾನ್ಯವೇ ಎಂದು ದಿಕ್ಸೂಚಿಯಿಟ್ಟು ಮೂರು ಸಲ ಪರೀಕ್ಷಿಸಿದ ಮಹನೀಯರಿಗೆ ಅದು ಮೂಲೆಯೇ ಎಂದು ಪರೀಕ್ಷಿಸುವ ಯೋಚನೆ ಬಂದಿರಲಿಲ್ಲ.

ವಸತಿ ಕಟ್ಟಡಗಳಲ್ಲಿ ಶೇ. 50ರವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಒಪ್ಪಿಕೊಳ್ಳಲು ಅಕ್ರಮ-ಸಕ್ರಮ ಯೋಜನೆಯನ್ನೇ ರೂಪಿಸಿ, 2017ರಲ್ಲಿ ಸುಪ್ರೀಂ ಕೋರ್ಟಿನಿಂದ ತಡೆಯಾಜ್ಞೆ ತಂದುಕೊಂಡ ನಾಡು ನಮ್ಮದು. ಕಟ್ಟಡಕ್ಕೆ ಅಷ್ಟು ಔದಾರ್ಯ. ಪಟ್ಟಿಗೆ ಮಾತ್ರ ಕೂದಲೆಳೆಯ ವಿನಾಯಿತಿಯೂ ಇಲ್ಲ.

ಆಚಾರ್ಯರು ಇನ್ನೊಂದು ದಾರಿಯನ್ನೂ ಸೂಚಿಸಿದ್ದರು. ಒಳಮೂಲೆಯಲ್ಲಿ ಒಂದು ಪಟ್ಟಿಯನ್ನು ಗೋಡೆಗೆ ತಾಗುವವರೆಗೆ ನೇರವಾಗಿ ಒಯ್ದು, ಇನ್ನೊಂದರ ತುದಿಯನ್ನು ಅದರ ಉಬ್ಬುತಗ್ಗಿಗೆ ಒಪ್ಪುವಂತೆ ಸಣ್ಣ ಕೈಗರಗಸದಿಂದ ಹಿಂಬದಿ ಓರೆಯಾಗಿ ಕೊರೆದರೆ, ಗೋಡೆ ತುಸು ಸೊಟ್ಟಗಿದ್ದರೂ ಸಂದು ಕಾಣುವುದಿಲ್ಲ. ಬಾಡಿಗೆಗೆ ಯಂತ್ರ ತರಿಸಿದ ಮೇಲೆ ಕೈಗೆಲಸಕ್ಕೆ ಕೂಲಿ ಕೊಡುವುದು ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಕ್ಕೆ ಗುರಿಯಾದೀತೆಂದು ಖಜಾಂಚಿಗಳು ಅದನ್ನು ತಳ್ಳಿಹಾಕಿದರು.

ಕೊನೆಗೆ ಬಣ್ಣದವರು ಬಂದು ಸಂದಿಗೆ ಪುಟ್ಟಿ ಮೆತ್ತಿದರು. ಅದರ ಖರ್ಚನ್ನು ಆಚಾರ್ಯರ ಬಿಲ್ಲಿನಲ್ಲಿ ದಂಡವಾಗಿ ಮುರಿದುಕೊಂಡು, ಮೂಲೆ ಸಕ್ರಮವಾಗಿದೆಯೆಂದು ಸಮಿತಿ ನಡಾವಳಿ ಪುಸ್ತಕದಲ್ಲಿ ದಾಖಲಿಸಿದೆ.